ಅಡುಗೆಮನೆಯವರೆಗೂ ಬರುವ ನೆಟ್ ರೀಜ

ಮಸೀದಿಯ ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ತಲಶ್ಶೇರಿಯ ಚಾಲಿಲ್ ಮಾಳಿಗೆ ಎಂಬ ಹಳೆಯ ಮನೆಯ ಅಡುಗೆಮನೆಯಲ್ಲಿ ಕಾವಲಿಯ ಮೇಲೆ ಅಕ್ಕಿಹಿಟ್ಟಿನ ಪತ್ತಿರಿ ಉಬ್ಬುತ್ತಿದೆ. ಒಲೆಯ ಪಕ್ಕದಲ್ಲಿ ನಿಂತಿರುವ ರೀಜ ಫೋನನ್ನು ಮುಖಕ್ಕೆ ಹಿಡಿದುಕೊಂಡಿದ್ದಾರೆ. ಅದರೊಳಗೆ ಅವರ ಗಂಡ ಸುಧಾಕರನ್, ಮನೆಯ ಮಂಚದ ಮೇಲೆ ಕೂತು, ಅಂದಿನ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಮೀನು ಮಾರುಕಟ್ಟೆಯ ಚರಂಡಿ ಕೆಲಸ ಮತ್ತೆ ಮುಂದಕ್ಕೆ ಹೋಗಿದೆಯಂತೆ. ಯಾರು ಮುಂದೂಡಿದರು ಅನ್ನುವಷ್ಟರಲ್ಲಿ ಗಂಡನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ.

ರೀಜ ಬಗ್ಗಿ, ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಾರೆ.

"ಇಲ್ಲಿಗೆ ಸತ್ತಿತು," ಎನ್ನುತ್ತಾರೆ.

"ಯಾರು?" ಎಂದು ಪತ್ತಿರಿ ತಿರುವುತ್ತಿದ್ದ ಮನೆಗೆಲಸದ ಹೆಂಗಸು ಗಾಬರಿಯಿಂದ ತಿರುಗುತ್ತಾಳೆ.

"ಯಾರೂ ಇಲ್ಲ ಮಾರಾಯ್ತಿ, ನೆಟ್ಟು."

ಮನೆಮನೆಗೆ ನೆಟ್ ಜೋಡಿಸುವ ಊರಿನ ಕೇಬಲ್ ಕಚೇರಿಯ ಕೆಲಸಗಾರ್ತಿ ಈ ರೀಜ. ಮನೆಯ ಎಲ್ಲ ಮೂಲೆಗೂ ನೆಟ್ ಮುಟ್ಟಬೇಕಾದರೆ ಯಾವ ರೂಟರ್ ಕೊಳ್ಳಬೇಕು, ಅದನ್ನು ಎಲ್ಲಿ ಕೂರಿಸಬೇಕು ಎಂದು ನೋಡಿ ಹೇಳುವುದು ಅವರ ಕೆಲಸ. ಅಳೆಯುವ ಉಪಕರಣ ಕಚೇರಿಯಲ್ಲಿ ಇಲ್ಲದಿಲ್ಲ. ಆದರೆ ರೀಜರಿಗೆ ಗಂಡನ ಸ್ವರವೇ ಅಳತೆಗೋಲು. ಅವರು ಕೋಣೆ ಕೋಣೆ ನಡೆಯುತ್ತಾರೆ, ಗಂಡ ಓದುತ್ತಾ ಹೋಗುತ್ತಾರೆ, ಎಲ್ಲಿ ಮಾತು ತುಂಡಾಗುತ್ತದೋ ಅಲ್ಲೊಂದು ಗೀಟು ಬೀಳುತ್ತದೆ. ರಾಜಕೀಯದ ಪುಟ ಬಂದರೆ ಮಾತ್ರ ಅಳತೆ ಕೆಡುತ್ತದೆ. ಅಲ್ಲಿ ಸುಧಾಕರನ್ ಓದುವುದು ಬಿಟ್ಟು ಜಗಳಕ್ಕೆ ನಿಲ್ಲುತ್ತಾರೆ.

ಕೇಬಲ್ ಕೆಲಸ ಮೊದಲು ಸುಧಾಕರನ್ ಅವರದೇ ಆಗಿತ್ತು. ಟಿವಿ ಕಾಲದಲ್ಲಿ ಇಡೀ ಕೇರಿಗೆ ತಂತಿ ಎಳೆದವರು. ಒಂದು ಸಂಜೆ ಕಂಬದಿಂದ ಬಿದ್ದರು. ಬೆನ್ನು ಮುರಿಯಿತು. ಈಗ ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ, ಅಷ್ಟೇ. ಏಣಿ ಅಂಗಳದಲ್ಲಿ ಮಲಗಿಯೇ ಇತ್ತು. ಒಂದು ದಿನ ರೀಜ ಅದನ್ನು ಎತ್ತಿ ಹೆಗಲಿಗಿಟ್ಟುಕೊಂಡು ಕಚೇರಿಗೆ ಹೋದರು. ಅಲ್ಲಿದ್ದ ಗಂಡಸರು ನಕ್ಕರು. "ಸೀರೆ ಸಿಕ್ಕಿಹಾಕಿಕೊಂಡೀತು ಚೇಚಿ," ಎಂದ ಒಬ್ಬ.

"ನನ್ನಪ್ಪ ಕಳ್ಳು ಇಳಿಸುವವರು. ನಾನು ಚಿಕ್ಕವಳಿರುವಾಗ ಅಪ್ಪನನ್ನು ನೆಲದ ಮೇಲೆ ನೋಡಿದ್ದಕ್ಕಿಂತ ತೆಂಗಿನ ಮೇಲೆ ನೋಡಿದ್ದೇ ಜಾಸ್ತಿ," ಎಂದು ರೀಜ ನಗುತ್ತಾರೆ. "ಎತ್ತರಕ್ಕೆ ಹೆದರುದು ನಮ್ಮ ವಂಶದಲ್ಲಿ ಇಲ್ಲ. ಬೀಳ್ತೇವೆ, ಅದು ಬೇರೆ ವಿಷಯ."

ನಗುನಗುತ್ತಲೇ ಹೇಳುತ್ತಾರೆ. ಆದರೂ ಆ ಮೊದಲ ವರ್ಷ ಕಂಬದ ಮೇಲಿಂದ ಕೆಳಗೆ ನೋಡಿದಾಗಲೆಲ್ಲ ಗಂಡ ಬಿದ್ದಿದ್ದ ಜಾಗವೇ ಕಣ್ಣಿಗೆ ಬರುತ್ತಿತ್ತಂತೆ. ಸುಧಾಕರನ್‌ಗೂ ಮನೆಯಲ್ಲಿ ಸುಮ್ಮನೆ ಕೂತು ತಲೆಕೆಟ್ಟುಹೋಗಿತ್ತು. ಪತ್ರಿಕೆ ಓದಿಸುವ ಉಪಾಯ ರೀಜರಿಗೆ ಹೊಳೆದದ್ದು ಆಗ. ಈಗ ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಹೋದ ಹಾಗೆ ಎಂದು ಅವರ ಸಮಾಧಾನ.

ತಲಶ್ಶೇರಿಯ ಹಳೆಯ ಮಾಪಿಳ್ಳ ಮುಸಲ್ಮಾನರ ಮನೆಗಳಲ್ಲಿ ರೀಜರಿಗೆ ಬೇಡಿಕೆ ಬಂದದ್ದು ಬೇರೊಂದು ಕಾರಣಕ್ಕೆ. ಕಚೇರಿಯ ಹುಡುಗರು ಹೊರಜಗಲಿ ದಾಟುವುದಿಲ್ಲ. ಒಳಗೆ ಹೆಂಗಸರಿದ್ದಾರೆ. ಜಗಲಿಯಲ್ಲೇ ರೂಟರ್ ಪೆಟ್ಟಿಗೆ ಹೊಡೆದು, ಜಗಲಿಯಲ್ಲೇ ಚಾ ಕುಡಿದು, "ಫುಲ್ ಉಂಟು ಇಕ್ಕಾ" ಎಂದು ಮನೆಯ ಗಂಡಸರಿಗೆ ಹೇಳಿ ಹೊರಟುಬಿಡುತ್ತಾರೆ. ಮನೆಯ ಹೆಂಗಸರೆಲ್ಲ ಇರುವುದು ಹಿಂದೆ, ಕೆಂಪು ಮುರಕಲ್ಲಿನ ದಪ್ಪ ಗೋಡೆಗಳ ಆಚೆ. ರೀಜ ಸೀದಾ ಅಲ್ಲಿಗೇ ಹೋಗುತ್ತಾರೆ. ಮನೆ ಎಷ್ಟು ದೊಡ್ಡದು ಎಂದು ಅವರು ಮೊದಲು ಕೇಳುವುದಿಲ್ಲ.

"ಯಾರ ಹತ್ರ ಮಾತಾಡ್ತೀರಿ, ಎಲ್ಲಿ ಕೂತು ಮಾತಾಡ್ತೀರಿ, ಮಾತಾಡುವಾಗ ಕೈಯಲ್ಲಿ ಎಂತ ಕೆಲಸ ಇರ್ತದೆ, ಅದು ಹೇಳಿ ಸಾಕು," ಎನ್ನುತ್ತಾರೆ. "ರೂಟರ್ ತರುದು ಮನುಷ್ಯರಿಗಲ್ವಾ? ಗೋಡೆಗೆ ಎಂತಕ್ಕೆ?"

ಚಾಲಿಲ್ ಮಾಳಿಗೆಯ ಯಜಮಾನಿ ಬಿಯ್ಯಾತುಮ್ಮ ಈ ಪ್ರಶ್ನೆಗೆ ಕೊಟ್ಟ ಉತ್ತರ ಚಿಕ್ಕದು. ಮಾತಾಡುವುದು ಶಾರ್ಜಾದಲ್ಲಿರುವ ಮೊಮ್ಮಗಳು ನಫ್ಲಾಳ ಜತೆ. ಕೂರುವುದು ಒಲೆಯ ಮುಂದೆ.

ನಫ್ಲಾಳಿಗೆ ತಾಯಿಯಿಲ್ಲ. ಅಜ್ಜಿಯೇ ಸಾಕಿದ್ದು. ಹೆರಿಗೆಗೆ ಹುಡುಗಿ ತಾಯಿಮನೆಗೆ ಬರಬೇಕು, ನಲವತ್ತು ದಿನ ಇಲ್ಲಿಯ ಗಂಜಿ, ಇಲ್ಲಿಯ ಎಣ್ಣೆನೀರು ಅವಳ ಮೈಗೆ ಸೇರಬೇಕು. ಅಜ್ಜಿ ಹಳೆಯ ಸೀರೆಗಳನ್ನು ಒಗೆದು ಮಡಚಿಟ್ಟು ಕಾಯುತ್ತಿದ್ದರು. ಆದರೆ ವಿಮಾನ ಹತ್ತುವುದು ಬೇಡ ಎಂದು ವೈದ್ಯರು ತಡೆದರು. ಹೆರಿಗೆ ಅಲ್ಲೇ ಆಯಿತು. ಹೆಣ್ಣುಮಗು. ಬಾಣಂತನ ಮಾಡಲು ಇರುವುದು ಗಂಡ ಶಂಸೀರ್ ಒಬ್ಬನೇ. ಅವನಿಗೆ ಬರುವ ಅಡುಗೆ ಎಂದರೆ ಮೊಟ್ಟೆ ಬೇಯಿಸುವುದು.

"ನನ್ನ ಮೊಣಕಾಲು ಮೆಟ್ಟಿಲು ಹತ್ತುದಿಲ್ಲ, ವಿಮಾನ ಎಲ್ಲಿಂದ ಹತ್ತಲಿ?" ಎನ್ನುತ್ತಾರೆ ಬಿಯ್ಯಾತುಮ್ಮ. "ಅವ ಕೆಲಸಕ್ಕೆ ಹೋಗುವ ಮೊದಲು, ಇಲ್ಲಿ ಬೆಳಕು ಹರಿಯುವಾಗ, ಇಬ್ಬರೂ ಒಟ್ಟಿಗೆ ಒಲೆ ಹಚ್ಚುದು ಅಂತ ಮಾತಾಯ್ತು. ನಾನು ಇಲ್ಲಿ ಮಾಡ್ತೇನೆ, ಅವ ನೋಡಿ ಅಲ್ಲಿ ಮಾಡಬೇಕು. ಆ ಹುಡುಗಿಗೆ ಈಗ ಸಿಗದ್ದು ಆಮೇಲೆ ಸಿಗುದಿಲ್ಲ ಮಗಳೇ. ಬಾಣಂತಿ ಮೈ ಅದು."

ಇಷ್ಟಕ್ಕೆ ಬೇಕಾದ್ದು ಒಲೆಯ ಮುಂದೆ ತುಂಡಾಗದೆ ಉಳಿಯುವ ಒಂದು ಕರೆ. ಆ ಮನೆಯಲ್ಲಿ ಅದೊಂದೇ ಸಿಗುತ್ತಿರಲಿಲ್ಲ. ರೂಟರ್ ಇದ್ದದ್ದು ಮಹಡಿಯ ಮೂಲೆಯ ಅರದಲ್ಲಿ, ಅಂದರೆ ಪುಯ್ಯಾಪ್ಳನ ಕೋಣೆಯಲ್ಲಿ.

ಇಲ್ಲಿ ಹೆಣ್ಣು ಮದುವೆಯಾಗಿ ಹೋಗುವುದಿಲ್ಲ, ಗಂಡೇ ಪುಯ್ಯಾಪ್ಳನಾಗಿ ಹೆಂಡತಿಯ ಮನೆಗೆ ಬರುತ್ತಾನೆ. ಬಂದ ಅಳಿಯನಿಗೆ ಕರಿದ ಮೀನಿನ ನಡುತುಂಡು. ಮನೆಯ ಏಕೈಕ ಎಸಿ ಅವನ ಕೋಣೆಗೆ. ನೆಟ್ ಬಂದಾಗ ಅದನ್ನೂ ಮನೆಯವರು ಅಲ್ಲಿಗೇ ಏರಿಸಿದರು. ಒಳ್ಳೆಯದೆಲ್ಲ ಹೋಗುವ ದಾರಿ ಅದು, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಶಂಸೀರ್ ನಫ್ಲಾಳನ್ನು ಕರೆದುಕೊಂಡು ಶಾರ್ಜಾಕ್ಕೆ ಹೋದ ಮೇಲೂ ಕೋಣೆ ಅವನದೇ. ಪ್ರತಿ ಶುಕ್ರವಾರ ಹೊಸ ಹಾಸು ಹಾಸಿ ಬೀಗ ಹಾಕುತ್ತಾರೆ. ಒಳಗೆ ಪೆಟ್ಟಿಗೆ ಖಾಲಿ ಮಂಚಕ್ಕೆ ನೆಟ್ ಕೊಡುತ್ತಾ ಮಿಣುಕುತ್ತಿತ್ತು.

ಬಿಯ್ಯಾತುಮ್ಮನ ಮಗ ಪೋಕರ್‌ಗೆ ಪೇಟೆಯಲ್ಲಿ ಜವಳಿ ಅಂಗಡಿ. ತಾಯಿಯ ಪಾಡು ನೋಡಲಾಗದೆ ಅವರು ಕಣ್ಣೂರಿನಿಂದ ಹೊಸ ರೂಟರನ್ನೇ ತಂದರು. ಎಂಟು ಆಂಟೆನಾಗಳ ಕೊಂಬಿನದು. ಬೆನ್ನಡಿಯಾಗಿ ಬಿದ್ದ ಏಡಿಯ ಹಾಗಿತ್ತು. ತಂದು ಕೂರಿಸಿದ್ದು ಎಲ್ಲಿ? ಮತ್ತೆ ಅದೇ ಅರದಲ್ಲಿ! ಕರೆ ಮೊದಲಿನಂತೆಯೇ ತುಂಡಾಯಿತು.

ಆಗ ರೀಜರನ್ನು ಕರೆಸಿದರು. ಮತ್ತು ರೀಜ ತಪ್ಪು ಮಾಡಿದರು.

"ನೋಡಿದ ಕೂಡಲೇ ಗೊತ್ತಾಯ್ತು, ಪೆಟ್ಟಿಗೆ ಅಲ್ಲಿಂದ ಇಳೀಬೇಕು ಅಂತ," ಎಂದು ಅವರೇ ಒಪ್ಪಿಕೊಳ್ಳುತ್ತಾರೆ. "ಆದ್ರೆ ಹೇಳುದು ಹೇಗೆ? ನಾನೂ ಈ ಮನೆಗಳ ಬೇಲಿ ಪಕ್ಕದಲ್ಲೇ ಬೆಳೆದವಳು. ಪುಯ್ಯಾಪ್ಳನ ಕೋಣೆಯಿಂದ ಒಂದು ತಲೆದಿಂಬು ತೆಗೆದ್ರೂ ಅವನ ಮನೆಯವರ ಕಿವಿಗೆ ಹೋಗ್ತದೆ. ಸುಮ್ಮನೆ ಯಾಕೆ ಅಂತ ಅಡುಗೆಮನೆ ದಾರಿಯಲ್ಲಿ ಒಂದು ಸಣ್ಣ ಬೂಸ್ಟರ್ ಸಿಕ್ಕಿಸಿ ಬಂದೆ. ಮೇಲಿಂದ ಬರುದೇ ಚೂರು. ಬೂಸ್ಟರ್ ಎಂತ ಮಾಡ್ತದೆ, ಆ ಚೂರನ್ನೇ ಮುಂದೆ ದಾಟಿಸ್ತದೆ."

ಮರುದಿನ ಮೆಂತೆ ಗಂಜಿಯ ಪಾಠ. ಮೆಂತೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಆ ನೀರು ಚೆಲ್ಲಬೇಕು ಎನ್ನುವ ಮೊದಲೇ ಕರೆ ಕಡಿದುಹೋಯಿತು. ಶಂಸೀರ್ ಒಣ ಮೆಂತೆಯನ್ನೇ ಹಿಡಿ ಹಿಡಿಯಾಗಿ ಬೇಯಿಸಿದ. ನಫ್ಲಾ ಒಂದು ಚಮಚ ಬಾಯಿಗಿಟ್ಟು ಅತ್ತುಬಿಟ್ಟಳು. ಕಹಿಗೆ ಅತ್ತಳೋ, ಅಜ್ಜಿಯ ಗಂಜಿ ನೆನಪಾಗಿ ಅತ್ತಳೋ, ಅಂತೂ ಆ ಸುದ್ದಿ ತಲಶ್ಶೇರಿಗೆ ಬಂತು. ಕೇಳಿದ ರೀಜರಿಗೆ ಅಂದು ಊಟ ಸೇರಲಿಲ್ಲ.

ಅದಕ್ಕೇ ಈ ಬೆಳಿಗ್ಗೆ ಮತ್ತೆ ಬಂದಿದ್ದಾರೆ. ಅಡುಗೆಮನೆಯಲ್ಲಿ ಗೀಟು ಎಳೆದು ತಲೆಯೆತ್ತಿದರೆ ಬಿಯ್ಯಾತುಮ್ಮ ಇಲ್ಲ. ಹಿತ್ತಲ ಬಾಗಿಲಿನಿಂದ ನೋಡುತ್ತಾರೆ. ಮುದುಕಿ ಬಾವಿಕಟ್ಟೆಯ ಮೇಲೆ, ಜಿನುಗುವ ಮಳೆಯಲ್ಲಿ ಕೊಡೆ ಹಿಡಿದು, ಫೋನಿಗೆ ಅರಚುತ್ತಿದ್ದಾರೆ. ಮೊಬೈಲಿನ ಸಿಗ್ನಲ್ ಆ ಮನೆಯಲ್ಲಿ ಸಿಗುವುದು ಬಾವಿಯ ಹತ್ತಿರ ಮಾತ್ರ. ಒಲೆ ಒಳಗೆ, ಪಾಠ ಹೊರಗೆ. ತೆಂಗಿನಹಾಲು ಎಷ್ಟು ಗಟ್ಟಿಯಾಗಬೇಕು ಎಂದು ಕೊಡೆ ಹಿಡಿದ ಕೈಯಲ್ಲೇ ಗಾಳಿಯಲ್ಲಿ ತೋರಿಸುತ್ತಿದ್ದರು. ರೀಜರಿಗೆ ತಡೆಯಲಾಗಲಿಲ್ಲ, ಅಜ್ಜಿಯನ್ನು ಕೂಗಿದರು.

"ಉಮ್ಮಾಮ, ಆ ಪೆಟ್ಟಿಗೆ ಅರದಿಂದ ಕೆಳಗೆ ಬರಬೇಕು. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು."

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಪೋಕರ್ ಬ್ರಶ್ ಹಿಡಿದುಕೊಂಡೇ ಓಡಿಬಂದರು. "ಛೆ ಛೆ, ಅವನ ಕಿವಿಗೆ ಹಾಕಬೇಡಿ! ಮದುವೆಯಾಗಿ ಎರಡು ವರ್ಷ ಆಗಲಿಲ್ಲ, ಕೋಣೆ ಖಾಲಿ ಮಾಡಿದ್ರು ಅಂತಾರೆ."

ಬಿಯ್ಯಾತುಮ್ಮ ಒಮ್ಮೆ ಮಗನನ್ನು ನೋಡಿದರು, ಒಮ್ಮೆ ಫೋನನ್ನು ನೋಡಿದರು. ಫೋನಿನಲ್ಲಿ ಸೌಟು ಹಿಡಿದ ಶಂಸೀರ್ ಕಾಯುತ್ತಿದ್ದ.

"ಮೋನೇ, ಒಂದು ಮಾತು. ಬೇಜಾರು ಮಾಡಬಾರದು. ನಿನ್ನ ಅರದಲ್ಲಿ ನೆಟ್ಟಿನ ಪೆಟ್ಟಿಗೆ ಉಂಟಲ್ಲ, ಅದನ್ನು ಸ್ವಲ್ಪ ಕೆಳಗೆ..."

"ಅದು ಹೋಗ್ತದಾ?" ಶಂಸೀರನ ಮುಖ ಅರಳಿತು. "ಅಲ್ಲಾಹ್, ಎಷ್ಟು ಒಳ್ಳೇದಾಯ್ತು! ರಾತ್ರಿಯಿಡೀ ಅದರ ಬೆಳಕು ಕಣ್ಣಿಗೆ ಹೊಡೀತಿತ್ತು ಉಮ್ಮಾಮ. ಪ್ರೀತಿಯಿಂದ ಇಟ್ಟಿದ್ದಾರೆ, ಹೇಗೆ ಹೇಳುದು ಅಂತ ಟವೆಲ್ ಮುಚ್ಚಿ ಮಲಗ್ತಿದ್ದೆ."

ಪೋಕರ್ ಬಾಯಿಯ ನೊರೆಯನ್ನು ಅಲ್ಲೇ ಉಗುಳಿ ಜೋರಾಗಿ ನಕ್ಕರು. ಇವರು ಅವನಿಗೆ ಹೆದರಿ, ಅವನು ಇವರಿಗೆ ಹೆದರಿ, ನಡುವೆ ಬಾಣಂತಿ ಕಹಿ ಗಂಜಿ ಕುಡಿದಿದ್ದಳು.

ರೀಜ ಆರಿಸಿದ್ದು ಎರಡು ಸಾದಾ ಬಿಳಿ ಪೆಟ್ಟಿಗೆಗಳ ಜೋಡಿ. ಒಂದು ನಡುಮನೆಯಲ್ಲಿ, ಎಲ್ಲ ಬಾಗಿಲುಗಳೂ ತೆರೆಯುವ ಕಡೆ. ಇನ್ನೊಂದು ಅಡುಗೆಮನೆಯಲ್ಲಿ, ಫ್ರಿಜ್ಜಿನಿಂದ ದೂರ, ಒಲೆಯ ಎದುರಿನ ಹಲಗೆಯ ಮೇಲೆ. ಎರಡರ ನಡುವೆ ಗೋಡೆಯನ್ನು ನಂಬದೆ ತೊಲೆಯ ಗುಂಟ ತಂತಿಯನ್ನೇ ಎಳೆದರು. ಪೋಕರ್ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ಕೊಂಬೇ ಇಲ್ಲವಲ್ಲ ಚೇಚಿ?"

"ಒಳಗೆ ಉಂಟು. ಇಕ್ಕಾ, ನಿಮ್ಮ ಎಂಟು ಕೊಂಬಿನದ್ದು ಎಷ್ಟು ಜೋರು ಕೂಗಿದ್ರೂ ಉಮ್ಮಾಮನ ಈ ಸಣ್ಣ ಫೋನು ತಿರುಗಿ ಕೂಗಬೇಕಲ್ಲ? ಅದರ ಸ್ವರ ನಾಲ್ಕು ಗೋಡೆ ದಾಟಿ ಮಹಡಿಗೆ ಮುಟ್ಟುದಿಲ್ಲ. ಹತ್ತಿರ ಇದ್ರೆ ಸಣ್ಣ ಸ್ವರ ಸಾಕು."

ಏಡಿ ಈಗ ಪೋಕರ್ ಅವರ ಜವಳಿ ಅಂಗಡಿಯಲ್ಲಿ ಕೂತಿದೆ. ಅಲ್ಲಿ ಅಡ್ಡಗೋಡೆಯೇ ಇಲ್ಲ, ಅದಕ್ಕೆ ತಕ್ಕ ಜಾಗ. ತಂತಿ ಸಿಕ್ಕಿಸಿ ಮುಗಿದ ಮೇಲೆ ರೀಜ ಮತ್ತೆ ಗಂಡನಿಗೆ ಕರೆ ಹಚ್ಚಿ ಮಾಳಿಗೆಯನ್ನು ಸುತ್ತಿದರು. ಸುಧಾಕರನ್ ಮರಣವಾರ್ತೆಯ ಪುಟದಿಂದ ಆಟದ ಪುಟದವರೆಗೆ ತಡೆಯಿಲ್ಲದೆ ಓದಿದರು. ಒಲೆಯ ಮುಂದಿನ ಗೀಟನ್ನು ರೀಜ ಕಾಲಿನಿಂದ ಒರೆಸಿ ಅಳಿಸಿದರು. ಬಿಯ್ಯಾತುಮ್ಮ ಅವರನ್ನು ಹಾಗೇ ಹೋಗಲು ಬಿಡಲಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕೂರಿಸಿ ಬಿಸಿ ಪತ್ತಿರಿ, ಮೇಲೆ ಕರಿದ ಮೀನು ಬಡಿಸಿದರು. ಮೀನು ನಡುತುಂಡಾಗಿತ್ತು.

ಹಾಗೆಂದು ರೀಜರ ಹೆಸರು ಎಲ್ಲೂ ಇಲ್ಲ. ರೂಟರಿನ ಮೇಲೆ ಕಂಪನಿಯ ಹೆಸರಿದೆ, ರಸೀದಿಯ ಮೇಲೆ ಕಚೇರಿಯ ಹೆಸರಿದೆ. ಕರೆ ನಿಂತರೆ ಬೈಯಲು ಮಾತ್ರ ಜನರಿಗೆ ಅವರ ನೆನಪಾಗುತ್ತದೆ. ಊಟಕ್ಕೆ ಕೂತಾಗ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನ್ ಬಂತೆಂದರೆ ಯಾರದೋ ಮನೆಯ ರೂಟರಿನಲ್ಲಿ ನೆಟ್ ನಿಂತ ಕೆಂಪು ದೀಪ. ಬೇಸರವಿಲ್ಲವೇ ಎಂದರೆ ಇಲ್ಲ ಎಂದು ತಲೆಯಾಡಿಸುತ್ತಾರೆ. ಬದುಕು ನಡೆದಿದೆ, ಗಂಡ ಪಕ್ಕದಲ್ಲೇ ಇದ್ದಾರೆ, ಇನ್ನೇನು ಬೇಕು ಎಂದು ನಿಜವಾಗಿಯೂ ಅನ್ನಿಸಿದೆ ಅವರಿಗೆ. ಆಸೆ ಏನಾದರೂ ಎಂದು ಮತ್ತೆ ಕೇಳಿದರೆ ಸ್ವಲ್ಪ ನಾಚುತ್ತಾರೆ.

"ಒಂದೇ ಒಂದು ಸಲ ಯಾರಾದ್ರೂ ಫೋನ್ ಮಾಡಿ, ರೀಜಾ, ಸರಿ ಉಂಟು ಅಂತ ಹೇಳಬೇಕು. ಅಷ್ಟೇ. ಇಷ್ಟು ವರ್ಷದಲ್ಲಿ ಯಾರೂ ಹೇಳಲಿಲ್ಲ. ಸರಿ ಇರುವಾಗ ಯಾರು ಫೋನ್ ಮಾಡ್ತಾರೆ ಹೇಳಿ?"

ನಲವತ್ತು ದಿನಗಳ ಬಾಣಂತನ ಮುಗಿಯುತ್ತಾ ಬಂದ ಒಂದು ಮುಂಜಾನೆ. ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ರೀಜ ಸ್ಕೂಟರಿನಲ್ಲಿ ಧರ್ಮಡದ ಕಡೆ ಹೊರಟಿದ್ದಾರೆ. ಫೋನ್ ಹೊಡೆದುಕೊಳ್ಳುತ್ತದೆ. ಚಾಲಿಲ್ ಮಾಳಿಗೆ. ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿ, ಬೈಗುಳಕ್ಕೆ ತಯಾರಾಗಿ ಕಿವಿಗಿಡುತ್ತಾರೆ.

"ಎಂತಾಯ್ತು ಉಮ್ಮಾಮ? ಮತ್ತೆ ನಿಂತಿತಾ?"

"ಇಲ್ಲ ಮಗಳೇ." ಹಿಂದಿನಿಂದ ಸೌಟಿನ ಸದ್ದು, ಹಸುಗೂಸು ಕಿರುಗುಟ್ಟುವ ಸದ್ದು, ನಫ್ಲಾ ನಗುವ ಸದ್ದು ಬರುತ್ತಿದೆ. "ಇವತ್ತು ನಮ್ಮ ಪುಯ್ಯಾಪ್ಳ ನನ್ನನ್ನು ಕೇಳದೆ ತಾನೇ ಗಂಜಿ ಮಾಡಿದ. ಹುಡುಗಿ ಎರಡು ಬಟ್ಟಲು ಕುಡಿದಳು, ನಾನು ಇಲ್ಲಿ ಒಲೆ ಮುಂದೆ ಕೂತು ನೋಡ್ತಾ ಇದ್ದೇನೆ. ಎಲ್ಲ ಸರಿ ಉಂಟು. ನನ್ನ ಫೋನಲ್ಲಿ ಅವರಿದ್ದಾರೆ, ಅದು ಹೇಳುವ ಅಂತ ಪೋಕರನ ಫೋನಲ್ಲಿ ಇದೇ ನೆಟ್ಟಿಂದ ಮಾಡಿದ್ದು."

"ಅಷ್ಟೇಯಾ?"

"ಅಷ್ಟೇ. ಯಾಕೆ, ಇನ್ನೆಂತ ಬೇಕು ನಿನಗೆ?"

ಫೋನ್ ಇಟ್ಟ ಮೇಲೆ ರೀಜ ಸ್ಕೂಟರಿನಿಂದ ಇಳಿದು ಸ್ಟ್ಯಾಂಡ್ ಹಾಕಿದರು. ಧರ್ಮಡದ ಮನೆಯಲ್ಲಿ ಯಾರೋ ಕಾಯುತ್ತಿದ್ದರು, ಕಾಯಲಿ ಎಂದುಕೊಂಡರು. ಆಮೇಲೆ ಗಂಡನಿಗೆ ಕರೆ ಹಚ್ಚಿದರು. ಸುಧಾಕರನ್ ರೂಢಿಯಂತೆ ಕನ್ನಡಕ ಏರಿಸಿ, ಪತ್ರಿಕೆ ಬಿಡಿಸಿ, ಗಂಟಲು ಸರಿಮಾಡಿಕೊಂಡರು.

"ಪೇಪರ್ ಕೆಳಗಿಡಿ," ಎಂದರು ರೀಜ. "ಇವತ್ತಿನ ಸುದ್ದಿ ನಾನು ಹೇಳ್ತೇನೆ."