ನೀಲವ್ವ ಬೂಟು ಹಾಕಿಕೊಂಡ ದಿನ

ಅಮೆರಿಕದ ಕ್ಯುಪರ್ಟಿನೋದಲ್ಲಿ ಹನ್ನೆರಡು ವರ್ಷದಿಂದ ಮನೆಯಲ್ಲೇ ಡೇಕೇರ್ ನಡೆಸುವ ಬಾಗಲಕೋಟೆಯ ನೀಲವ್ವ ಸುಲಭಕ್ಕೆ ಬಗ್ಗುವ ಹೆಂಗಸಲ್ಲ. ಮಗ ನವೀನ ಎಷ್ಟು ಗೋಗರೆದರೂ ಮಕ್ಕಳಿಗೆ ಅಂಗಡಿಯ ಡಬ್ಬಿ ಊಟ ಹಾಕಿದವಳಲ್ಲ; ಇಂಗ್ಲಿಷಿನಲ್ಲಿ ಅಳುವ ಕೂಸನ್ನೂ ಕನ್ನಡದಲ್ಲೇ ಸುಮ್ಮನಾಗಿಸುವವಳು. ಅಂಥವಳು ಹೋದ ವರ್ಷ ದೇವರಿಗೆ ಕೊಟ್ಟ ಮಾತಿಗೇ ತಪ್ಪಿದಳು.

ಡೇಕೇರಿಗೆ ಬರುತ್ತಿದ್ದ ನಾಲ್ಕು ವರ್ಷದ ನವ್ಯಾಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ನೀಲವ್ವ ದೀಪ ಹಚ್ಚಿ ಬನಶಂಕರಿಗೆ ಹರಕೆ ಹೊತ್ತಳು. ಕೂಸು ಗುಣವಾಗಿ ಮನೆಗೆ ಬರುವವರೆಗೂ ಕಾಲಿಗೆ ಏನನ್ನೂ ಮೆಟ್ಟುವುದಿಲ್ಲ ಎಂದು. ಅವಳ ಊರಿನ ಕಡೆ ಇದು ಹೊಸದೇನಲ್ಲ. ಇಲ್ಲಿ ಮಾತ್ರ ಗ್ರೋಸರಿ ಅಂಗಡಿಯವರು ಬಾಗಿಲಲ್ಲೇ ತಡೆದರು. ಅಂದಿನಿಂದ ತರಕಾರಿ ತರುವ ಕೆಲಸ ನವೀನನ ಕೊರಳಿಗೆ ಬಿತ್ತು.

ನವ್ಯಾ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಳು. ಅಲ್ಲಿ ತಾಯಿಗೆ ಮಲಗಲು ಜಾಗವಿಲ್ಲ. ತಾಯಿ ಗಾರ್ಗಿ ದಿನವೂ ಫ್ರೀವೇಯಲ್ಲಿ ಒಂದೂವರೆ ಗಂಟೆ ಹೋಗಿ, ಒಂದೂವರೆ ಗಂಟೆ ಬರುತ್ತಿದ್ದಳು. ಹತ್ತಿರದಲ್ಲಿ ಮನೆ ಹಿಡಿಯೋಣವೆಂದರೆ ಬಾಡಿಗೆ ಕೇಳಿಯೇ ತಲೆ ತಿರುಗುತ್ತಿತ್ತು. ಇಂಥ ತಾಯಂದಿರಿಗೆ ಆಸ್ಪತ್ರೆಯ ಎದುರೇ ಪುಕ್ಕಟೆ ಕೋಣೆ ಕೊಡುವ ಸಂಸ್ಥೆಯೊಂದಿತ್ತು. ಕೋಣೆಗಳೆಲ್ಲ ತುಂಬಿದ್ದವು. ಇನ್ನಷ್ಟು ಕೋಣೆ ಹಿಡಿಯಲೆಂದು ಸಂಸ್ಥೆಯವರು ಒಂದು ನಡಿಗೆ ಏರ್ಪಡಿಸಿದರು. ಮೆನ್ಲೋ ಪಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಒಂದೇ ದಿನ, ಇಪ್ಪತ್ತೆಂಟು ಮೈಲಿ. ಪೂರ್ತಿ ನಡೆದವರ ಹೆಸರಿಗೆ ಜನ ಒಪ್ಪಿಕೊಂಡ ದಾನವಷ್ಟೇ ಸಂಸ್ಥೆಗೆ ಸೇರುವುದು. ಅರವತ್ತೊಂದರ ನೀಲವ್ವ ಹೆಸರು ಬರೆಸಿದಳು. ಡೇಕೇರಿನ ಮಕ್ಕಳ ಅಪ್ಪ ಅಮ್ಮಂದಿರು ಅವಳ ಹೆಸರಿಗೆ ಕೈ ಬಿಚ್ಚಿ ದಾನ ಕೊಡಲು ಒಪ್ಪಿಕೊಂಡರು.

ನಡಿಗೆಯ ದಿನ ಬೆಳಿಗ್ಗೆ ಬಂದವರ ಹೆಸರು ಗುರುತು ಹಾಕಿಕೊಳ್ಳುತ್ತಿದ್ದ ಅಮೆರಿಕನ್ ಹೆಂಗಸು ನೀಲವ್ವನ ಬರಿಗಾಲು ಕಂಡು ತಲೆಯಾಡಿಸಿದಳು. ಬೂಟಿಲ್ಲದೆ ಬಿಡುವ ಹಾಗಿಲ್ಲ, ವಿಮೆಯ ನಿಯಮ. ನವೀನ ಹರಕೆಯ ವಿಷಯ ವಿವರಿಸಿದ. ಆಕೆ ಕ್ಷಮೆ ಕೇಳಿದಳೇ ಹೊರತು ಬಿಡಲಿಲ್ಲ. ಅವನು ಕಾರಿನಿಂದ ಹೆಂಡತಿಯ ಓಟದ ಬೂಟು ತಂದ.

“ಹಾಕ್ಕೋ ಯವ್ವಾ, ಇವತ್ತೊಂದಿನ. ದೇವ್ರಿಗೆ ಅರ್ಥ ಆಗ್ತದ.”

“ಆಗ್ತದೋ ಇಲ್ಲೋ, ಅದ ಅಂಜಿಕಿ ನನಗ.”

ಹಾಕಿಕೊಂಡರೆ ಕೂಸಿಗೆ ಏನಾದೀತೋ. ಬಿಟ್ಟರೆ ಗಾರ್ಗಿಗೆ ಕೋಣೆ ಸಿಗದು. ರಸ್ತೆಯ ಅಂಚಿನಲ್ಲಿ ಕೂತಳು. ಉಳಿದವರೆಲ್ಲ ಹೊರಟುಹೋದರು. ಕೊನೆಗೆ ಕೈ ಮುಗಿದಳು. “ತಾಯಿ, ಹರಕಿ ಹೊತ್ತಾಕಿನೂ ನಾನ, ಮುರಿಯಾಕಿನೂ ನಾನ. ಏನ್ ಬಂದ್ರೂ ನನಗ ಬರ್ಲಿ. ಕೂಸಿನ ಮ್ಯಾಲೆ ಹಾಕಬ್ಯಾಡ.”

ಸೊಸೆಯ ಬೂಟು ಒಂದು ಅಳತೆ ಚಿಕ್ಕದು. ಹತ್ತನೆಯ ಮೈಲಿಗೆ ಹಿಮ್ಮಡಿ ಸುಲಿಯಿತು. ದಾರಿಯಲ್ಲಿ ಪಟ್ಟಿ ಕಟ್ಟಲು ಬಂದವರನ್ನು ಬೇಡವೆಂದು ಕಳಿಸಿದಳು. ತಾನು ಇಲ್ಲಿ ಅನುಭವಿಸಿದಷ್ಟು ಕೂಸಿನ ಪಾಲಿಗೆ ಕಡಿಮೆಯಾಗಲಿ ಎಂಬ ಲೆಕ್ಕ ಅವಳದು. ಹೊತ್ತು ಮುಳುಗುವಾಗ ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದಳು. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು.

ಮುಂದಿನ ವಾರ ಸಂಸ್ಥೆ ಐದು ಕೋಣೆ ಹಿಡಿಯಿತು. ಒಂದು ಗಾರ್ಗಿಗೆ ಸಿಕ್ಕಿತು. ಅದಾಗಿ ಹತ್ತೊಂಬತ್ತನೆಯ ದಿನ ನವ್ಯಾ ತೀರಿಕೊಂಡಳು.

ನೀಲವ್ವ ಗಾರ್ಗಿಯ ಮನೆಗೆ ಹೋಗಲಿಲ್ಲ. ನವೀನನ ಕೈಯಲ್ಲಿ ಅಡುಗೆ ಕಳಿಸಿದಳು, ಮುಖ ತೋರಿಸುವ ಧೈರ್ಯ ಬರಲಿಲ್ಲ. ತಿಂಗಳು ಕಳೆದ ಮೇಲೆ ಗಾರ್ಗಿಯೇ ಬಂದಳು. ಕೂತ್ಕೋ ಎನ್ನುವುದನ್ನೂ ಮರೆತು ನೀಲವ್ವ ಎಲ್ಲವನ್ನೂ ಹೇಳಿಬಿಟ್ಟಳು. “ನನ್ನಿಂದ ಆತು ಯವ್ವಾ. ನಾ ಅವತ್ತು ಬೂಟು ಹಾಕ್ಕೊಂಡೆ.”

ಗಾರ್ಗಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಆಂಟಿ, ಅವಳು ಹೋದ ದಿನ ಬೆಳಿಗ್ಗೆ ಆರು ಗಂಟೆಗೆ ನರ್ಸ್ ಫೋನ್ ಮಾಡಿದ್ರು. ರೂಮು ಎದುರಿಗೇ ಇತ್ತಲ್ಲ, ಓಡಿಹೋದೆ. ಕಣ್ಣು ಬಿಟ್ಟು ನನ್ನ ನೋಡಿದ್ಳು. ಬೆರಳು ಹಿಡ್ಕೊಂಡ್ಳು. ಅರ್ಧ ಗಂಟೆ, ಅಷ್ಟೇ. ಇಲ್ಲಿಂದ ಹೊರಟಿದ್ರೆ ನಾನಿನ್ನೂ ಫ್ರೀವೇನಲ್ಲೇ ಇರ್ತಿದ್ದೆ. ಅವಳು ಒಬ್ಬಳೇ ಹೋಗ್ತಿದ್ಳು.”

ಯಾರೆದುರೂ ಅಳದ ನೀಲವ್ವ ಮಗಳ ವಯಸ್ಸಿನವಳ ಮಡಿಲಲ್ಲಿ ಮುಖವಿಟ್ಟು ಗಟ್ಟಿಯಾಗಿ ಅತ್ತಳು.