ಮೂರನೇ ಆಲ್ಬಮ್ಮಿನ ಡ್ರಮ್ಮಿನವನು

ಕೊನೆಯ ಸಾಧಾರಣ ದಿನ ಗುರುವಾರ. ಆ ದಿನ ಗಂಡ ಹೆಂಡತಿ ಜಗಳ ಆಡಿದ್ದು ಒದ್ದೆ ಟವೆಲ್ಲಿಗೆ.

ಅವನು ಕೆಲಸದಿಂದ ಬಂದ, ಕೈಕಾಲು ತೊಳೆದ, ಟವೆಲ್ಲನ್ನು ಎಂದಿನಂತೆ ಮಂಚದ ಮೇಲೆ ಎಸೆದ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಮುನ್ನೂರು ಚಾದರ ಮಡಚಿ ಬರುವವಳು. ಮನೆಗೆ ಬಂದ ಮೇಲೂ ಬಟ್ಟೆ ಕಂಡರೆ ಮೈ ಉರಿಯುತ್ತಿತ್ತು.

"ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ಹಗ್ಗ ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ವಾ ನಿಮಗೆ?"

"ಗೊತ್ತು. ಹಗ್ಗಕ್ಕೆ ಹಾಕಿದ್ರೆ ನೀನು ನನ್ನ ಹತ್ರ ಮಾತೇ ಆಡಲ್ವಲ್ಲ."

ಅವನು ಕಿಟಕಿಗಳಿಗೆ ಗಾಜು ಕೂರಿಸುವವನು. ಉಗುರಿನ ಸಂದಿಯಲ್ಲಿ ಯಾವಾಗಲೂ ಗಾಜು ಅಂಟಿಸುವ ಪುಟ್ಟಿ ಮೆತ್ತಿಕೊಂಡಿರುತ್ತಿತ್ತು. ಆಳೆತ್ತರದ ಗಾಜನ್ನು ಮಲಗಿದ ಮಗುವಿನ ಹಾಗೆ ಎತ್ತಿ ಇಡುವ ಕೈ ಅದು. ಅದೇ ಕೈ ಒಂದು ಕಾಲದಲ್ಲಿ ಹಾರ್ಡ್ ರಾಕ್ ಬ್ಯಾಂಡೊಂದರಲ್ಲಿ ಡ್ರಮ್ ಹೊಡೆದಿತ್ತು ಅಂದರೆ ನೋಡಿದವರು ನಂಬುತ್ತಿರಲಿಲ್ಲ. ಹಾಡುತ್ತಿದ್ದವನು ಅವಳ ಅಣ್ಣ. ಗಿಟಾರ್ ಹಿಡಿದವನು ಒಬ್ಬ ಉದ್ದನೆಯ ಮನುಷ್ಯ. ಎಲ್ಲರೂ ಅವನನ್ನು ಉದ್ದಣ್ಣ ಅಂತಲೇ ಕರೆಯುತ್ತಿದ್ದರು.

ಊಟದ ನಡುವೆ ಉದ್ದಣ್ಣನ ಫೋನ್ ಬಂತು. ಗಂಡ ಎಡಗೈಯಲ್ಲಿ ಹಿಡಿದು ಹ್ಞೂಂ, ಹ್ಞೂಂ ಅಂದು ಇಟ್ಟ.

"ನಮ್ಮ ಮೂರನೇ ಆಲ್ಬಮ್ ಮತ್ತೆ ಬರುತ್ತಂತೆ ಕಣೇ."

"ಯಾರಿಗೆ ಬೇಕಂತೆ ಅದು?"

"ಈಗಿನ ಹುಡುಗರಿಗೆ ಬೇಕಂತೆ. ನಮಗೆ ಉಗಿದವರೆಲ್ಲ ಮುದುಕರಾಗಿದ್ದಾರೆ. ಉಗಿಯೋಕೆ ಬಾಯಲ್ಲಿ ನೀರಿಲ್ಲ."

ಅವಳಿಗೆ ನಗು ಬಂತು. ಅವನು ಬಲಗೈ ತೊಳೆಯದೆಯೇ ಎಡಗೈಯಿಂದ ತೊಡೆಯ ಮೇಲೆ ಏನೋ ತಟ್ಟುತ್ತಾ ಕೂತ. ಅನ್ನ ಆರಿಹೋಗುತ್ತೆ ಅಂತ ಅವಳು ಬೈದಳು. ಅಷ್ಟೇ. ಆ ದಿನ ಇನ್ನೇನೂ ಆಗಲಿಲ್ಲ.

ಮರುದಿನ ಒಂದು ಆಫೀಸು ಕಟ್ಟಡದ ಮೂರನೇ ಮಹಡಿಯಲ್ಲಿ ಗಾಜು ಕೂರಿಸಿ, ಜೊತೆಯವನಿಗೆ "ಐದು ನಿಮಿಷ ಕೂರ್ತೀನಪ್ಪ" ಅಂತ ಹೇಳಿ ಮೆಟ್ಟಿಲ ಮೇಲೆ ಕೂತ. ಏಳಲಿಲ್ಲ. ಐವತ್ತಮೂರು ವರ್ಷ. ಗಾಜು ಮಾತ್ರ ಕೂದಲೆಳೆ ಸಂದಿಲ್ಲದಂತೆ ಕೂತಿತ್ತು ಅಂತ ಜೊತೆಯವನು ಬಂದು ಹೇಳಿದ. ಅದನ್ನು ಅವಳಿಗೆ ಯಾಕೆ ಹೇಳಿದನೋ.

ಮೂರನೇ ಆಲ್ಬಮ್ಮಿನ ಕತೆ ಹೇಳದಿದ್ದರೆ ಅವನ ಕತೆ ಹೇಳಿದಂತಾಗುವುದಿಲ್ಲ. ಮೊದಲ ಎರಡನ್ನು ಜನ ಮೆಚ್ಚಿದ್ದರು. ಎರಡೂ ಕುದುರೆ ಓಡಿದಂತೆ ಓಡುತ್ತಿದ್ದವು. ಮೂರನೆಯದು ಬಂತು ಇಪ್ಪತ್ತೆರಡು ವರ್ಷದ ಹಿಂದೆ. ಪತ್ರಿಕೆಗಳು ಅದನ್ನು ಚಿಂದಿ ಮಾಡಿದವು. ಹಾಡು ಓಡಲು ನೋಡುತ್ತದೆ, ಡ್ರಮ್ಮಿನವನು ಅದರ ಕಾಲು ಕಟ್ಟಿಹಾಕಿದ್ದಾನೆ ಅಂತ ಒಂದರಲ್ಲಿ ಬಂತು. ಈತ ಡ್ರಮ್ ಹೊಡೆಯುತ್ತಿಲ್ಲ, ರಸ್ತೆ ಬದಿಯಲ್ಲಿ ಗೂಟ ಹೊಡೆಯುತ್ತಿದ್ದಾನೆ ಅಂತ ಇನ್ನೊಂದರಲ್ಲಿ ಬಂತು. ಅವಳು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದುತ್ತಾಳೆ. ಆ ನಾಲ್ಕು ಸಾಲು ಓದಿ ಮುಗಿಸಲು ಒಂದು ಸಂಜೆ ಹಿಡಿಯಿತು.

ಅಲ್ಲಿಂದ ಅವನ ಹೆಸರು ಗೂಟಣ್ಣ ಅಂತಾಯಿತು. ಬ್ಯಾಂಡ್ ಮುರಿಯಿತು. ಗಾಜಿನ ಅಂಗಡಿಯಲ್ಲೂ ಬಿಡಲಿಲ್ಲ. "ಗೂಟಣ್ಣ, ಮೆಲ್ಲಗೆ, ಅದು ಗಾಜು ಕಣಪ್ಪ, ಡ್ರಮ್ಮಲ್ಲ" ಅನ್ನುತ್ತಿದ್ದರು. ಅವನು ಅವರ ಜೊತೆ ತಾನೂ ನಗುತ್ತಿದ್ದ. ಹೊಡೆತ ಯಾಕೆ ನಿಧಾನವಾಯಿತು ಅಂತ ಗೊತ್ತಿದ್ದವರು ಮೂರೇ ಜನ. ಅವನು, ಅವಳ ಅಣ್ಣ, ಅವಳು.

ಎರಡನೇ ಆಲ್ಬಮ್ ಆದ ಮೇಲೆ ಅಣ್ಣನಿಗೆ ಜ್ವರ ಬಂದಿತ್ತು. ಹದಿನೆಂಟು ದಿನ. ಜ್ವರ ಇಳಿದಾಗ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಮೂರನೆಯದನ್ನು ಧ್ವನಿಮುದ್ರಿಸುವಾಗ ಆ ಗದ್ದಲದಲ್ಲಿ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಮೊದಲ ದಿನ ಒಂದು ಹಾಡೂ ಆಗಲಿಲ್ಲ. ಎರಡನೇ ದಿನ ಗಂಡ ತನ್ನ ಸ್ಟೂಲನ್ನು ಅಣ್ಣನ ಎದುರಿಗೇ ತಿರುಗಿಸಿ ಹಾಕಿಕೊಂಡ. ಕೋಲನ್ನು ತಲೆಯಿಂದ ಮೇಲಕ್ಕೆ ಎತ್ತಿ, ಅಲ್ಲಿಂದ ಇಳಿಸಿ ಹೊಡೆದ. ಒಂದೊಂದು ಪೆಟ್ಟನ್ನೂ ಹಾಗೇ. ಅಣ್ಣ ಕೋಲನ್ನು ಕಣ್ಣಲ್ಲಿ ನೋಡಿ ಹಾಡಿದ. ಹಾಡು ಆಯಿತು. ಆದರೆ ಕೈ ಅಷ್ಟು ಮೇಲೆ ಹೋಗಿ ಬರಲು ಹೊತ್ತು ಬೇಕಲ್ಲ. ಎಲ್ಲ ಹಾಡೂ ನಿಧಾನವಾದವು.

ಊಟದ ಡಬ್ಬಿ ಕೊಡಲು ಹೋದ ಅವಳು ಅದನ್ನು ನೋಡಿ ಕೇಳಿದ್ದಳು. ಇದ್ಯಾವ ಸೀಮೆ ಹೊಡೆತ ಅಂತ.

"ನಿಮ್ಮಣ್ಣನಿಗೆ ಕಾಣ್ಬೇಕಲ್ಲೇ," ಅಂದಿದ್ದ. "ಯಾರ ಹತ್ರಾನೂ ಬಾಯಿ ಬಿಡಬೇಡ."

ಅಣ್ಣನಿಗೆ ಆಗಷ್ಟೇ ಕಬ್ಬಿಣದ ಯಾರ್ಡಿನಲ್ಲಿ ಕ್ರೇನ್ ನಡೆಸುವ ಕೆಲಸ ಸಿಕ್ಕಿತ್ತು. ಕಿವಿ ಚೆನ್ನಾಗಿರಬೇಕು ಅಂತ ಅಲ್ಲಿ ನಿಯಮ. ಡಾಕ್ಟರು ವರ್ಷಕ್ಕೊಮ್ಮೆ ಎದುರು ಕೂರಿಸಿ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಅಣ್ಣ ತುಟಿ ನೋಡಿ ಉತ್ತರ ಹೇಳಿ ಬರುತ್ತಿದ್ದ. ಆ ಯಾರ್ಡಿನ ಮೇಲ್ವಿಚಾರಕ ಉದ್ದಣ್ಣನ ಮಾವ. ಉದ್ದಣ್ಣನ ಹೊಟ್ಟೆಯಲ್ಲಿ ಮಾತು ಒಂದು ಗಂಟೆ ನಿಲ್ಲುವುದಿಲ್ಲ. ಹಾಗಾಗಿ ಅವನಿಗೂ ಹೇಳಲಿಲ್ಲ. ಯಾಕೆ ಹೀಗೆ ಅಂತ ಅವನು ಕೇಳಿದ್ದಕ್ಕೆ ಇದು ಹೊಸ ವರಸೆ ಅಂದುಬಿಟ್ಟರು.

ಆಗ ಅವಳಿಗೆ ಹೆಮ್ಮೆಯಾಗಿತ್ತು. ನನ್ನ ಅಣ್ಣನಿಗೋಸ್ಕರ ಮಾಡ್ತಿದ್ದಾರೆ ಅಂತ. ಆಮೇಲಿನ ಇಪ್ಪತ್ತೆರಡು ವರ್ಷ ಆ ಹೆಮ್ಮೆಯನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ.

ಗಂಡ ಹೋಗಿ ಐದು ವಾರಕ್ಕೆ ಉದ್ದಣ್ಣ ಮನೆಗೆ ಬಂದ. ಚಹಾ ಕುಡಿದ. ತಲೆ ಬಗ್ಗಿಸಿಕೊಂಡು ಕೂತ. ಬಾಗಿಲ ಚೌಕಟ್ಟಿಗಿಂತ ಎತ್ತರದವನು, ಅಂದು ಕುರ್ಚಿಯಲ್ಲಿ ಮುದುಡಿಕೊಂಡಿದ್ದ. ಕೊನೆಗೆ ಚೀಲದಿಂದ ಹೊಸ ಆಲ್ಬಮ್ಮಿನ ಮಾದರಿ ರಟ್ಟು ತೆಗೆದು ಕೊಟ್ಟ. ಮುಂದುಗಡೆ ಮೂವರ ಹಳೇ ಫೋಟೊ. ಹಿಂದುಗಡೆ ಸಣ್ಣ ಅಕ್ಷರ. ಅವಳು ಬೆರಳಿಟ್ಟು ಓದಿದಳು. ಹಳೆಯ ಡ್ರಮ್ಮಿನ ದೋಷ ತೆಗೆದು ಹೊಸದಾಗಿ ನುಡಿಸಲಾಗಿದೆ.

"ದೋಷ ಅಂದ್ರೆ?"

"ಅದು ಕಂಪನಿಯವರ ಭಾಷೆ ಅತ್ತಿಗೆ. ಬೇಜಾರು ಮಾಡ್ಕೋಬೇಡಿ. ಹಾಡೆಲ್ಲ ಚಿನ್ನ, ಹೊಡೆತ ಒಂದೇ ಹಿಂದೆ ಬಿದ್ದಿದೆ ಅಂತಾರೆ. ಬೇರೆಯವನ ಕೈಲಿ ಹೊಡೆಸಿ ಮೇಲೆ ಕೂರಿಸಿದ್ದಾರೆ."

"ಅವರು ಇದ್ದಾಗ ಅವರಿಗೆ ಈ ಮಾತು ಹೇಳಿದ್ರಾ?"

"ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಶುಕ್ರವಾರ ಸಂಜೆ ಸಿಗ್ತೀನಿ, ಕೂತು ಮಾತಾಡೋಣ ಅಂದಿದ್ದೆ."

ಶುಕ್ರವಾರ. ಅವಳು ರಟ್ಟನ್ನು ವಾಪಸು ಕೊಟ್ಟಳು. "ಆ ಸಾಲು ಹಾಕಬೇಡಿ" ಅಂದಳು. ನನ್ನ ಕೈಲಿಲ್ಲ ಅಂದ. ಬುಧವಾರ ಮಧ್ಯಾಹ್ನ ಸ್ಟುಡಿಯೋಗೆ ಅಣ್ಣನನ್ನೂ ಕರೆದುಕೊಂಡು ಬನ್ನಿ, ಕೇಳಿ, ಕಂಪನಿಯವನೂ ಇರ್ತಾನೆ ಅಂದ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಸತ್ತವನ ತಲೆಗೆ ಆ ಮಾತು ಅಚ್ಚಾಗಿ ಕೂರಬಾರದು. ಅದನ್ನು ತಡೆಯಬಲ್ಲವನು ಒಬ್ಬನೇ. ಆ ಅಣ್ಣ ಅವಳ ಮನೆಯ ಹಿಂದಿನ ಮನೆಯಲ್ಲೇ ಇದ್ದ. ಅವನ ಹೆಂಡತಿ ಬಿಟ್ಟುಹೋಗಿ ಆರು ವರ್ಷ. ಅಣ್ಣ ಒಬ್ಬನೇ.

ಅವಳು ಹೋದಾಗ ಅವನು ಬಾಗಿಲಲ್ಲಿ ಕೂತು ಕಾಲುಗುರು ಕತ್ತರಿಸುತ್ತಿದ್ದ. ಅವಳು ಬಾಯಿ ಕಾಣುವಂತೆ ಎದುರಿಗೆ ಕೂತಳು. ವಿಷಯವೆಲ್ಲ ಹೇಳಿದಳು.

"ನೀನು ಒಂದೇ ಮಾತು ಹೇಳು. ನನ್ನ ಕಿವಿ ಹೋಗಿತ್ತು, ಅದಕ್ಕೆ ಅವನು ಹಾಗೆ ಹೊಡೆದ ಅಂತ."

"ಹೇಳಿದ ಮರುದಿನ ನನ್ನನ್ನ ಕ್ರೇನಿಂದ ಇಳಿಸ್ತಾರೆ. ಅಲ್ಲಿ ಈಗ ಮೇಲ್ವಿಚಾರಕ ಉದ್ದನ ಬಾಮೈದ."

"ಇಳಿಸಲಿ."

"ಎರಡು ವರ್ಷ ಇದೆ ತಂಗಿ. ಎರಡೇ ವರ್ಷ. ನಿವೃತ್ತಿ ಆದ ದಿನಾನೇ ಊರಿಗೆಲ್ಲ ಸಾರ್ತೀನಿ."

"ಅಷ್ಟೊತ್ತಿಗೆ ಯಾರು ಕೇಳ್ತಾರೆ ನಿನ್ನ ಸಾರೋದನ್ನ?"

ಅವನು ಉಗುರಿನ ಚೂರುಗಳನ್ನು ಅಂಗೈಯಲ್ಲಿ ಕೂಡಿಸಿಕೊಂಡ. "ನಿನ್ನ ಗಂಡ ಇದ್ದಿದ್ರೆ ಏನು ಹೇಳ್ತಿದ್ದ? ಹೇಳು, ಅಂತಿದ್ನಾ?"

ಅಂತಿರಲಿಲ್ಲ. ಬಿಡೋ ಮಾರಾಯ, ಅನ್ನುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಗಂಡ ಸತ್ತ ಮೇಲೂ ಅಣ್ಣ ಅವನ ಬೆನ್ನ ಹಿಂದೆಯೇ ಅಡಗಿದ್ದ.

ಆದರೂ ಬುಧವಾರ ಅಣ್ಣ ಬಂದ. ಬರದಿದ್ದರೆ ಉದ್ದಣ್ಣನಿಗೆ ಅನುಮಾನ ಬರುತ್ತೆ ಅಂತ ಬಂದನೋ, ಅವಳ ಮುಖ ನೋಡಿ ಬಂದನೋ.

ಸ್ಟುಡಿಯೋ ಅಂದರೆ ಒಂದು ಸಣ್ಣ ಕೋಣೆ. ಗೋಡೆಗೆಲ್ಲ ಸ್ಪಂಜು. ಎರಡು ಕೋಣೆಗಳ ನಡುವೆ ದೊಡ್ಡ ಗಾಜು. ಅದರ ಬಲಮೂಲೆಯಲ್ಲಿ ಪುಟ್ಟಿ ಬಿರುಕು ಬಿಟ್ಟಿತ್ತು. ಅದನ್ನು ನೋಡಿದ ಕೂಡಲೇ ಗಂಡನಿಗೆ ತೋರಿಸಬೇಕು ಅಂತ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಖಾಲಿ ಕುರ್ಚಿ ಇತ್ತು.

ಕಂಪನಿಯವನು ಹಾಡು ಹಾಕಿದ. ಹೊಸ ಡ್ರಮ್ಮು ಓಡಿತು. ಅಣ್ಣನ ಹಳೇ ದನಿಯನ್ನು ಯಂತ್ರಕ್ಕೆ ಕೊಟ್ಟು ವೇಗ ಹೆಚ್ಚಿಸಿದ್ದರು. ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಅವನ ದನಿ ಉಸಿರಿಲ್ಲದೆ ಓಡುತ್ತಿತ್ತು. ಅವಳು ಗಂಡನಿಗಾಗಿ ಹುಡುಕಿದಳು. ಎಲ್ಲೂ ಇರಲಿಲ್ಲ. ಒಂದು ಪೆಟ್ಟೂ ಉಳಿದಿರಲಿಲ್ಲ.

ಅಣ್ಣ ತಲೆ ಆಡಿಸುತ್ತಿದ್ದ. ಅವನ ಕಣ್ಣು ಉದ್ದಣ್ಣನ ಪಾದದ ಮೇಲಿತ್ತು. ಉದ್ದಣ್ಣನ ಪಾದ ನೆಲ ತಟ್ಟಿದ ಹಾಗೆ ಇವನ ತಲೆ ಆಡುತ್ತಿತ್ತು. ಹಾಡು ಮುಗಿಯಿತು. ಉದ್ದಣ್ಣ ಗುಂಗಿನಲ್ಲಿ ಇನ್ನೂ ಪಾದ ತಟ್ಟುತ್ತಲೇ ಇದ್ದ. ಅಣ್ಣನ ತಲೆಯೂ ಆಡುತ್ತಲೇ ಇತ್ತು.

"ನೋಡಿ ಅತ್ತಿಗೆ," ಉದ್ದಣ್ಣ ನಕ್ಕ. "ಹಾಡು ಮುಗಿದ್ರೂ ಇವನ ತಲೆ ನಿಂತಿಲ್ಲ. ಅಷ್ಟು ಹಿಡಿಸಿಬಿಟ್ಟಿದೆ."

ಅಣ್ಣನೂ ನಕ್ಕ. ಅವನಿಗೆ ನಕ್ಕ ಮುಖ ಕಂಡಿತ್ತು, ಮಾತು ಕಂಡಿತ್ತೋ ಇಲ್ಲವೋ.

ಅವಳು ಎದ್ದು ನಿಂತು, ದೋಷ ಅನ್ನೋ ಸಾಲು ತೆಗೀರಿ, ಅಂದಳು. ಕಂಪನಿಯವನು ಒಳ್ಳೆಯ ಮನುಷ್ಯ. ಅವಳ ಕಡೆಗೆ ಕುರ್ಚಿ ತಿರುಗಿಸಿದ.

"ನೀವೇ ಹೇಳಿ ಅಮ್ಮ. ಮೊದಲ ಎರಡರಲ್ಲಿ ಅಷ್ಟು ಚೆನ್ನಾಗಿ ಹೊಡೆದವರು ಇದರಲ್ಲಿ ಯಾಕೆ ಹೀಗೆ ಹೊಡೆದ್ರು? ಕಾರಣ ಏನಾದ್ರೂ ಇದ್ರೆ ಆ ಸಾಲು ತೆಗೆದು ಅದನ್ನೇ ಬರೆಸೋಣ. ಅವರನ್ನೇ ಹಾಗೇ ಇಡೋಣ ಬೇಕಾದ್ರೆ. ಇನ್ನೂ ಅಚ್ಚಿಗೆ ಹೋಗಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ಅವಳು ಬಾಯಿ ತೆರೆದಳು. ಉದ್ದಣ್ಣ ಅವಳ ಕಣ್ಣು ನೋಡುತ್ತಿದ್ದ. ಅಣ್ಣ ಅವಳ ತುಟಿ ನೋಡುತ್ತಿದ್ದ. ಐವತ್ತೆಂಟು ವರ್ಷದವನು, ಕಚ್ಚಲು ಬಂದ ನಾಯಿಯನ್ನು ನೋಡುವ ಹಾಗೆ ಅವಳ ತುಟಿಯನ್ನೇ ನೋಡುತ್ತಿದ್ದ. ಮಾತು ಹೊರಗೆ ಬೀಳುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು.

"ಅವರ ಕೈ ಹಾಗೆ," ಅಂದಳು.

ಕಂಪನಿಯವನು ಕುರ್ಚಿ ತಿರುಗಿಸಿಕೊಂಡ.

ಬಸ್ಸಿನಲ್ಲಿ ಅಣ್ಣ ಪಕ್ಕದಲ್ಲೇ ಕೂತ. ತಂಗಿ, ಅಂತ ಒಂದು ಸಲ ಕರೆದ. ಅವಳು ಬಾಯಿ ಕಾಣದಂತೆ ಕಿಟಕಿಯ ಕಡೆ ತಿರುಗಿದಳು. ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು ಅವನನ್ನು ಬೈದಳು. ಹೇಡಿ ಅಂದಳು, ಋಣಗೇಡಿ ಅಂದಳು, ಆ ಜ್ವರದಲ್ಲೇ ನೀನು ಹೋಗಬಾರದಿತ್ತಾ ಅಂದಳು. ಆಮೇಲೆ ತನ್ನನ್ನೇ ಬೈದುಕೊಂಡಳು. ಕೇಳಿದರು, ಹೇಳಲಿಲ್ಲ. ಕೊನೆಯ ಪೆಟ್ಟನ್ನು ನಾನೇ ಹೊಡೆದೆ ಅಂದಳು. ಹಿಂದಿನ ಸೀಟಿನ ಹೆಂಗಸು ಎಲ್ಲ ಕೇಳಿಸಿಕೊಂಡು ಎದ್ದು ಬೇರೆ ಕಡೆ ಹೋಗಿ ಕೂತಳು. ಅಣ್ಣ ಟಿಕೆಟ್ಟನ್ನು ಮಡಚಿ ಬಿಚ್ಚಿ ಮಾಡುತ್ತಾ ಇದ್ದ.

ಆಲ್ಬಮ್ ಬಂತು. ಈ ಸಲ ಪತ್ರಿಕೆಗಳು ಹೊಗಳಿದವು. ಇಷ್ಟು ವರ್ಷ ಒಬ್ಬನ ಕೈಯಿಂದ ಹಾಳಾಗಿದ್ದ ಹಾಡುಗಳಿಗೆ ಈಗ ಜೀವ ಬಂತು ಅಂತ ಒಂದರಲ್ಲಿ ಬರೆದಿದ್ದರು. ಲಾಂಡ್ರಿಯಲ್ಲಿ ಎದುರು ನಿಂತು ಚಾದರ ಹಿಡಿಯುವವಳು ಅದನ್ನು ಫೋನಿನಲ್ಲಿ ಹಾಕಿ, "ನಿಮ್ಮೆಜಮಾನ್ರದು ಅಲ್ವಾ ಅಕ್ಕ ಇದು?" ಅಂತ ಖುಷಿಯಿಂದ ಕೇಳಿದಳು. ಅಲ್ಲ ಅಂದಳು. ಚಾದರದ ತುದಿಗೆ ತುದಿ ಸೇರಿಸಿ ಮಡಚಿದಳು.

ಅಣ್ಣನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಾಗದ ಕೆಲಸ ಒಂದಿದೆ. ಅವನಿಗೆ ಅಲಾರಾಂ ಕೇಳಿಸುವುದಿಲ್ಲ. ಅಣ್ಣನ ಹೆಂಡತಿ ಹೋದ ಮೇಲೆ ಬೆಳಗ್ಗೆ ಐದಕ್ಕೆ ಹೋಗಿ ಅವನನ್ನು ಎಬ್ಬಿಸಿ ಬರುತ್ತಿದ್ದವನು ಅವಳ ಗಂಡ. ಗಂಡ ತೀರಿಹೋದ ಮರುದಿನದಿಂದ ಅವಳು. ಅವಳು ಹೋಗದಿದ್ದರೆ ಅವನು ಪಾಳಿಗೆ ತಡವಾಗುತ್ತಾನೆ. ನಾಲ್ಕು ದಿನ ತಡವಾದರೆ ಕರೆದು ಕೇಳುತ್ತಾರೆ, ಕೇಳಿದರೆ ಎಲ್ಲ ಹೊರಗೆ ಬರುತ್ತದೆ. ಅವಳು ಬಾಯಿ ಬಿಡಬೇಕಾಗಿಯೂ ಇಲ್ಲ, ಮನೆಯಲ್ಲೇ ಕೂತರೆ ಸಾಕು. ಕೆಲವು ದಿನ ಕೂರುತ್ತಾಳೆ. ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತು ಐದು ಗಂಟೆ ದಾಟುವುದನ್ನು ನೋಡುತ್ತಾಳೆ. ಐದು ಐದು. ಐದು ಹತ್ತು.

ಆಮೇಲೆ ಎದ್ದು ಹೋಗುತ್ತಾಳೆ. ಬೀಗ ತೆಗೆದು ದೀಪ ಹಾಕುತ್ತಾಳೆ. ಅಲುಗಾಡಿಸಿದರೆ ಬೆಚ್ಚಿಬೀಳುತ್ತಾನೆ ಅಂತ, ಹೆಗಲ ಮೇಲೆ ಕೈಯಿಟ್ಟು ಎರಡು ಸಲ ಒತ್ತುತ್ತಾಳೆ. ಅವನು ಕಣ್ಣು ಬಿಡುವವರೆಗೆ ನಿಂತಿದ್ದು, ಬಂದು ಲಾಂಡ್ರಿಯ ಬಸ್ಸಿಗೆ ತಲೆ ಬಾಚಿಕೊಳ್ಳುತ್ತಾಳೆ.