ಸೇರಿನಲ್ಲಿ ಅಳೆದ ಕೆಮಿಸ್ಟ್ರಿ

“ಕಳಕೊಂಡ್ರೆ ಕಮ್ಮಿ ಆಗ್ಬೇಕಲ್ಲೇ. ಪ್ಲಸ್ ಹೆಂಗಾಗ್ತೈತೆ?” ಎಂದು ನಾನು ಗೈಡ್ ಮಡಚಿ ಚಾಪೆಯ ಮೇಲೆ ಹಾಕಿದೆ.

“ಹೋಗಿದ್ದೇ ಮೈನಸ್ ರೀ. ಎಲೆಕ್ಟ್ರಾನ್ ಅಂದ್ರೆ ಮೈನಸ್. ಮೈನಸ್ ಹೊರಗೆ ಹೋದ್ರೆ ಒಳಗೆ ಪ್ಲಸ್ ಜಾಸ್ತಿ ಉಳೀತೈತೆ.”

“ಹಂಗಾರೆ ಕಳಕೊಂಡೋನೇ ದೊಡ್ಡೋನು ಅನ್ನು.”

“ನಿಮಗೆ ಅರ್ಥ ಮಾಡ್ಕೊಳ್ರಿ ಅಂತ ಹೇಳಿದ್ನಾ ನಾನು? ಪ್ರಶ್ನೆ ಓದ್ರಿ ಸಾಕು. ಉತ್ತರ ಏನು ಕೊಟ್ಟಾರೆ ನೋಡ್ರಿ, ಎ ನೋ ಬಿ ನೋ?”

ಮತ್ತೆ ಗೈಡ್ ತೆಗೆದು ಹಿಂದಿನ ಹಾಳೆ ನೋಡಿದೆ. “ಬಿ.”

“ನಾನು ಹೇಳಿದ್ದೂ ಬಿ. ಮುಂದಿಂದು ಓದ್ರಿ.”

ಅವಳು ನನ್ನ ಹೆಂಡತಿ. ಪಿಯುಸಿ ಸೈನ್ಸ್ ಪಾಸಾದವಳು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನನ್ನ ಕೆಲಸ. ಬೆಳಗಿನ ಜಾವ ಒಲೆಗೆ ಹೊಟ್ಟು ಹಾಕಿದರೆ ಮಧ್ಯಾಹ್ನದ ತನಕ ಅದರ ಮುಂದೆಯೇ. ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಸುರಿಯಬೇಕು, ಅರಳಿದ ಕೂಡಲೇ ಜರಡಿಗೆ ಎಳೆಯಬೇಕು. ತಡವಾದರೆ ಕರಕಲು, ಬೇಗ ಎಳೆದರೆ ಗಟ್ಟಿ. ಇದರಲ್ಲಿ ಗೊಂದಲ ಇಲ್ಲ. ಕೆಮಿಸ್ಟ್ರಿಯಲ್ಲಿ ಗೊಂದಲ ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ.

ಮದುವೆಯ ಮಾತುಕತೆಯ ದಿನ ಅವಳು ಎಲ್ಲರ ಎದುರು ಕೇಳಿದ್ದು ಒಂದೇ, ನರ್ಸಿಂಗ್ ಓದೋಕೆ ಬಿಡ್ತೀರಾ ಅಂತ. ನಾನು ಹೂಂ ಎಂದೆ. ಮನೆಗೆ ಬಂದ ಮೇಲೆ ಅವ್ವ ಕಡ್ಡಿ ಮುರಿದ ಹಾಗೆ ಹೇಳಿದಳು. “ಎಂಟ್ರೆನ್ಸು ಒಂದೇ ಸಲ ಬರೀಲಿ. ಸೀಟು ಸಿಕ್ತಾ, ಓದ್ಲಿ. ಸಿಗ್ಲಿಲ್ವಾ, ಆ ಪುಸ್ತಕ ಅಟ್ಟಕ್ಕೆ. ವರ್ಷಾ ವರ್ಷಾ ಇದೇ ಆದ್ರೆ ಸಂಸಾರ ಯಾವಾಗ ಮಾಡ್ತಾಳೆ?” ಹೆಂಡತಿ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಹಾಗಾಗಿ ಅವಳಿಗೆ ಇದ್ದದ್ದು ಒಂದು ಸಲ. ಅಷ್ಟೇ.

ಒಬ್ಬಳೇ ಓದಿದರೆ ಅವಳಿಗೆ ನಿದ್ದೆ ಬರುತ್ತದೆ. ಬಾಯಿ ಬಿಟ್ಟು ಯಾರಿಗಾದರೂ ಹೇಳಿದರೆ ತಲೆಯಲ್ಲಿ ನಿಲ್ಲುತ್ತದಂತೆ. ಅದಕ್ಕೆ ಭಟ್ಟಿಯಿಂದ ಬಂದು, ಮೈ ತೊಳೆದು, ಉಂಡು, ನಾನು ಗೈಡ್ ಹಿಡಿದು ಕೂರುತ್ತಿದ್ದೆ. ಗೈಡ್ ಇಂಗ್ಲಿಷಿನದು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ನಾನು ಅರ್ಧ ಓದುವುದರೊಳಗೆ ಅವಳು ಪೂರ್ತಿ ಪ್ರಶ್ನೆ ಹೇಳಿ ಉತ್ತರವನ್ನೂ ಹೇಳಿರುತ್ತಿದ್ದಳು. ತಾಳೆ ನೋಡುವುದಷ್ಟೇ ನನ್ನ ಕೆಲಸ. ಅದಕ್ಕೆ ಬುದ್ಧಿ ಬೇಡ. ಆದರೆ ಸುಮ್ಮನೆ ಕೂರುವುದು ನನ್ನ ಜಾಯಮಾನ ಅಲ್ಲ.

ಸೋಡಿಯಂಗೆ ಎನ್ ಎ ಎಂದು ಬರೆದಿದ್ದರು. ಸೋಡಿಯಂನಲ್ಲಿ ಎನ್ ಎಲ್ಲಿದೆ? ಕೇಳಿದೆ. ಅದು ಹಳೇ ಭಾಷೆಯ ಹೆಸರು ಎಂದಳು. ಹೊಸದು ಬಂದ ಮೇಲೆ ಹಳೇದು ಬಿಡಬೇಕಿತ್ತು. ಪಿಎಚ್ ಎಂಬುದು ಬಂತು. ಹುಳಿ ಎಷ್ಟಿದೆ ಎಂದು ತೋರಿಸುವ ನಂಬರು ಅದು. ನೀರಿಗೆ ಏಳು, ನಿಂಬೆರಸಕ್ಕೆ ಎರಡು.

“ನಿಂಬೆರಸ ಜಾಸ್ತಿ ಹುಳಿ ತಾನೆ?”

“ಹೌದು.”

“ಮತ್ತೆ ನಂಬರ್ ಯಾಕ ಕಮ್ಮಿ?”

“ಹುಳಿ ಜಾಸ್ತಿ ಆದಂಗೆ ನಂಬರ್ ಇಳೀತೈತೆ.”

“ಯಾವನು ಇಟ್ಟಿದ್ದು ಇದನ್ನ? ತಲಿ ಸರಿ ಐತಾ ಅವನಿಗೆ?”

ಒಳಗಿನಿಂದ ಅವ್ವ ಕೂಗಿದಳು. “ಪರೀಕ್ಷೆ ಬರಿಯೋಳು ಅವಳೋ ನೀನೋ? ಬಾಯಿ ಮುಚ್ಕೊಂಡು ಓದ್ಸೋ.”

ಮೋಲ್ ಬಂದಾಗ ಮಾತ್ರ ಹೆಂಡತಿಯೂ ನಿಂತಳು. ಅಲ್ಲಿಯ ತನಕ ಗೊಂದಲ ನನ್ನೊಬ್ಬನದೇ ಆಗಿತ್ತು. ಕಾಲೇಜಿನಲ್ಲಿ ಅದನ್ನು ಬಾಯಿಪಾಠ ಮಾಡಿ ಪಾಸಾಗಿದ್ದಳಂತೆ. ಒಂದು ಮೋಲ್ ಎಂದರೆ ಲೆಕ್ಕಕ್ಕೆ ಸಿಗದಷ್ಟು ಕಣಗಳು, ಆರರ ಮುಂದೆ ಅದೇನೋ ಉದ್ದದ ನಂಬರು. ಹೈಡ್ರೋಜನ್ ಒಂದು ಮೋಲ್ ಎರಡು ಗ್ರಾಂ, ಆಕ್ಸಿಜನ್ ಒಂದು ಮೋಲ್ ಮೂವತ್ತೆರಡು ಗ್ರಾಂ. ಎರಡೂ ಒಂದೊಂದೇ ಮೋಲ್ ಆದರೆ ತೂಕ ಯಾಕೆ ಬೇರೆ? ಅವಳು ಪೆನ್ನಿನ ತುದಿ ಕಚ್ಚುತ್ತಿದ್ದಳು.

ಮರುದಿನ ಭಟ್ಟಿಯಲ್ಲಿ ಒಬ್ಬ ಗಿರಾಕಿಗೆ ಮಂಡಕ್ಕಿ ಅಳೆದು ಹಾಕುವಾಗ ನನಗೆ ಹೊಳೆಯಿತು. ನಮ್ಮಲ್ಲಿ ಮಂಡಕ್ಕಿಯನ್ನು ತಕ್ಕಡಿಗೆ ಹಾಕುವುದಿಲ್ಲ. ಸೇರಿನಲ್ಲಿ ಅಳೆಯುತ್ತೇವೆ. ತಗಡಿನ ಸೇರು, ತುಂಬಿಸಿ ಮೇಲೆ ಗೋಪುರ ಮಾಡಿ ಸುರಿಯುವುದು. ಮನೆಗೆ ಹೋದವನು ಉಣ್ಣಲಿಲ್ಲ.

“ಮೋಲ್ ಅಂದ್ರೆ ಸೇರು ಕಣೇ. ಸೇರಿನಾಗೆ ಮಂಡಕ್ಕಿ ತುಂಬಿದ್ರೂ ಒಂದು ಸೇರು, ಅಕ್ಕಿ ತುಂಬಿದ್ರೂ ಒಂದು ಸೇರು. ತೂಕ ಬ್ಯಾರೆ, ಅಳತೆ ಒಂದೇ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಗೈಡ್ ಕಸಿದುಕೊಂಡಳು. “ಹೌದಲ್ರೀ! ಇಲ್ಲೂ ಕೊಟ್ಟಾರೆ. ಒಂದು ಮೋಲ್ ಗ್ಯಾಸು ಇಪ್ಪತ್ತೆರಡು ಪಾಯಿಂಟ್ ನಾಕು ಲೀಟ್ರು. ಯಾವ ಗ್ಯಾಸಾದ್ರೂ ಅಷ್ಟೇ. ಅದೇ ಸೇರು!”

ಕೂತಲ್ಲೇ ಲೆಕ್ಕ ಮಾಡಿದಳು. ನಾಲ್ಕು ಗ್ರಾಂ ಹೈಡ್ರೋಜನ್, ಎರಡು ಸೇರು. ಹದಿನಾರು ಗ್ರಾಂ ಆಕ್ಸಿಜನ್, ಅರ್ಧ ಸೇರು. ಹಿಂದಿನ ಹಾಳೆ ನೋಡಿದೆ. ಎಲ್ಲಾ ಸರಿ. ಆ ಅಧ್ಯಾಯವನ್ನು ಅವಳು ಸೇರು ಸೇರು ಎಂದುಕೊಂಡೇ ಮುಗಿಸಿದಳು. ನನಗೆ ಎದೆ ಉಬ್ಬಿತು. ಭಟ್ಟಿಯಲ್ಲಿ ಹೇಳಿಕೊಂಡೆ. ಮರಳು ಜರಡಿ ಹಿಡಿಯುತ್ತಿದ್ದ ನನ್ನ ಜೊತೆಯವನು, “ಬರ್ರಿ ಡಾಕ್ಟ್ರೇ, ಕೂಡ್ರಿ, ನನ್ನ ಸೊಂಟನೂ ಸ್ವಲ್ಪ ನೋಡ್ರಿ” ಎಂದ. ನಗಲಿ ಎಂದು ಬಿಟ್ಟೆ.

ಪರೀಕ್ಷೆ ಹತ್ತಿರ ಬಂದಾಗ ಅವಳು ಹರಿಹರದ ತವರಿಗೆ ಹೋದಳು. ಅವರ ಬೀದಿಯಲ್ಲಿ ಹೈಸ್ಕೂಲಿನಿಂದ ರಿಟೈರ್ ಆದ ಸೈನ್ಸ್ ಮೇಡಂ ಒಬ್ಬರಿದ್ದಾರೆ. ಕೊನೆಗೆ ಒಮ್ಮೆ ಎಲ್ಲಾ ತಿರುವಿ ಹಾಕಿಸುತ್ತೇನೆ ಎಂದಿದ್ದರು. ಭಾನುವಾರ ಅವಳನ್ನು ನೋಡಲು ನಾನು ಬಸ್ಸು ಹತ್ತಿದೆ. ಮಾವ ಮಲೆಬೆನ್ನೂರಿನ ರೈಸ್ ಮಿಲ್ಲಿಗೆ ಕೆಲಸಕ್ಕೆ ಹೋಗಿದ್ದರು. ಹೆಂಡತಿ ಮೇಡಂ ಮನೆಯಲ್ಲಿದ್ದಾಳೆ ಎಂದು ಅತ್ತೆ ಹೇಳಿದರು. ಅಲ್ಲಿಗೇ ಹೋದೆ.

ಮೇಡಂ ಅವಳಿಗೆ ಟೆಸ್ಟ್ ಕೊಟ್ಟು, ಬರೆದದ್ದನ್ನು ತಿದ್ದುತ್ತಾ ಕೂತಿದ್ದರು. ಕೆಂಪು ಪೆನ್ನು ಬಹಳ ಓಡುತ್ತಿತ್ತು.

“ಇದೇನಮ್ಮಾ ಇದು? ಹದಿನೆಂಟು ಗ್ರಾಂ ನೀರು ಲೋಟದಾಗೆ ಐತೆ, ಎಷ್ಟು ಜಾಗ ಹಿಡೀತೈತೆ ಅಂದ್ರೆ ಇಪ್ಪತ್ತೆರಡು ಲೀಟ್ರು ಅಂತ ಬರ್ದೀಯಲ್ಲ? ಎರಡು ಬಕೆಟ್ ಬೇಕಲ್ಲಮ್ಮಾ ಅದಕ್ಕೆ. ಹದಿನೆಂಟು ಗ್ರಾಂ ನೀರಂದ್ರೆ ಮೂರ್ನಾಕು ಚಮಚ. ಉಪ್ಪಿಗೂ ಇದೇ ಬರ್ದಿ, ಕಬ್ಬಿಣಕ್ಕೂ ಇದೇ ಬರ್ದಿ. ಯಾರು ಹೇಳ್ಕೊಟ್ರು?”

ಹೆಂಡತಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು. ನಾನೇ ಹೇಳಿದೆ. “ನಾನೇ ಹೇಳ್ಕೊಟ್ಟಿದ್ರಿ ಮೇಡಂ. ಮೋಲ್ ಅಂದ್ರೆ ಸೇರು ಅಂತ.”

ಮೇಡಂ ಕನ್ನಡಕ ತೆಗೆದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಇಪ್ಪತ್ತೆರಡು ಲೀಟರಿನ ಮಾತು ಗ್ಯಾಸಿಗೆ ಮಾತ್ರ, ನೀರಿಗೂ ಉಪ್ಪಿಗೂ ಹಾಕಬಾರದು ಎಂದರು. ಪುಸ್ತಕದಲ್ಲೂ ಗ್ಯಾಸ್ ಎಂದೇ ಇತ್ತು. ನಾವಿಬ್ಬರೂ ಆ ಪದವನ್ನು ದಾಟಿಕೊಂಡು ಹೋಗಿದ್ದೆವು.

ಮನೆಗೆ ನಡೆಯುವಾಗ ಅವಳು ಮುಂದೆ, ನಾನು ಹಿಂದೆ. ಅಂಗಳಕ್ಕೆ ಬಂದ ಮೇಲೆ ನಾನು ಸುಮ್ಮನಿರಬೇಕಿತ್ತು.

“ಅಲ್ಲ, ಗ್ಯಾಸಿಗೆ ಆಗಿದ್ದು ನೀರಿಗೆ ಯಾಕ ಆಗಂಗಿಲ್ಲ? ಸೇರು ಅಂದ್ರೆ ಸೇರು.”

ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು. “ಸೇರು ಬಿಡ್ರಿ ಇನ್ನ! ಮೋಲ್ ಅಂದ್ರೆ ಎಷ್ಟು ಕಾಳು ಅನ್ನೋ ಲೆಕ್ಕ. ಒಂದು ಸೇರು ಅಕ್ಕಿಯಾಗೆ ಎಷ್ಟು ಕಾಳು ಇರ್ತಾವೆ, ಒಂದು ಸೇರು ಮಂಡಕ್ಕಿಯಾಗೆ ಎಷ್ಟಿರ್ತಾವೆ? ಎರಡೂ ಒಂದೇನಾ? ದಿನಾ ಹುರಿಯೋರು ನೀವೇ ಹೇಳ್ರಿ.”

ನಾನು ನಿಂತುಬಿಟ್ಟೆ. ಒಂದು ಸೇರು ಅಕ್ಕಿ ಹುರಿದರೆ ಸೇರುಗಟ್ಟಲೆ ಮಂಡಕ್ಕಿ ಆಗುತ್ತದೆ. ಕಾಳು ಅಷ್ಟೇ, ಉಬ್ಬುವುದಷ್ಟೇ. ದಿನವೂ ನನ್ನ ಕೈಯಲ್ಲೇ ಆಗುವ ಕೆಲಸ. ಆದರೂ ಸೇರು ಹಿಡಿದರೆ ಕಾಳಿನ ಲೆಕ್ಕ ನಮಗ್ಯಾರಿಗೂ ಬರುವುದೇ ಇಲ್ಲ. ಅಳತೆ ಸರಿ ಇದ್ದರೆ ಗಿರಾಕಿಯೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

“ಹಂಗಾರೆ ಗ್ಯಾಸಿಂದು ಹೆಂಗೆ ಸರಿ ಬಂತು?” ಎಂದೆ. ನಿಜವಾಗಿ ಗೊತ್ತಾಗದೆ ಕೇಳಿದ್ದು.

“ಗ್ಯಾಸಿನಾಗೆ ಕಣ ದೂರ ದೂರ ಇರ್ತಾವಂತೆ. ಸಣ್ಣದಾಗ್ಲಿ ದೊಡ್ಡದಾಗ್ಲಿ, ಹಿಡಿಯೋ ಜಾಗ ಒಂದೇ ಆಗ್ತೈತಂತೆ.”

“ಕಣ್ಣಿಗೇ ಕಾಣಂಗಿಲ್ಲ, ದೂರ ಇರ್ತಾವೆ ಅಂತ ಹೆಂಗೆ ಗೊತ್ತಾತು?”

“ಅಯ್ಯೋ ದೇವ್ರೇ.” ಅವಳು ಕಟ್ಟೆಯ ಮೇಲೆ ಕೂತು ಅತ್ತಳು. “ಸೇರು ಅನ್ನೋದು ತಲಿಯಾಗೆ ಕೂತ್ಬಿಟ್ಟೈತ್ರಿ. ಯಾವ ಲೆಕ್ಕ ನೋಡಿದ್ರೂ ಅದೇ ಬರ್ತೈತೆ. ಈಗ ಗೊತ್ತಿರೋದ್ರ ಮ್ಯಾಲೂ ಅನುಮಾನ. ಇರೋದೇ ಒಂದು ಸಲ. ನಿಮ್ಮವ್ವಗೆ ಏನಂತ ಹೇಳ್ಲಿ?”

ಅತ್ತೆ ಟೀ ಲೋಟ ಹಿಡಿದು ಹೊರಗೆ ಬಂದವರು ಹಾಗೇ ಒಳಗೆ ಹೋದರು. ಇಡೀ ದಿನ ಬೆಂಕಿಯ ಮುಂದೆ ನಿಲ್ಲು ಎಂದರೆ ನಿಲ್ಲುತ್ತೇನೆ. ಅವಳ ತಲೆಯೊಳಗೆ ನಾನು ಹಾಕಿದ್ದನ್ನು ಹೇಗೆ ತೆಗೆಯುವುದು?

ಸಂಜೆ ಅವಳೇ ಮುಖ ತೊಳೆದು ಬಂದಳು. ಗೈಡ್ ನನ್ನ ಕೈಗೆ ಕೊಟ್ಟಳು. “ಓದ್ರಿ. ಆದ್ರೆ ನೋಡ್ರಿ, ಪ್ರಶ್ನೆ ಮಾತ್ರ. ಹೆಂಗೆ, ಯಾಕ ಅನ್ನಂಗಿಲ್ಲ. ನಾನು ತಪ್ಪು ಹೇಳಿದ್ರೆ ತಪ್ಪು ಅನ್ರಿ, ಸರಿ ಅಂದ್ರೆ ಸರಿ ಅನ್ರಿ.”

“ಆತು.”

ಮೋಲ್ ಅಧ್ಯಾಯವನ್ನು ಮೊದಲಿಂದ ಹಿಡಿದೆವು. ಪ್ರತಿ ಪ್ರಶ್ನೆಗೂ ಅವಳು ಮೊದಲು “ಇದು ಗ್ಯಾಸಾ?” ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಗ್ಯಾಸಾದರೆ ಒಂದು ದಾರಿ, ಅಲ್ಲದಿದ್ದರೆ ಇನ್ನೊಂದು ದಾರಿ. ಮೊದಮೊದಲು ಬಹಳ ತಪ್ಪಿದಳು. ತಪ್ಪು ಎಂದಾಗೆಲ್ಲ ಮುಖ ಸಣ್ಣದಾಗುತ್ತಿತ್ತು. ನನಗೆ ನಾಲಿಗೆಯ ತುದಿಗೆ ಮಾತು ಬರುತ್ತಿತ್ತು, ನುಂಗಿದೆ. ಬಾಯಿ ಮುಚ್ಚಿ ಕೂರುವುದು ಭಟ್ಟಿಗಿಂತ ಕಷ್ಟದ ಕೆಲಸ. ಭಟ್ಟಿಗೆ ರಜೆ ಹಾಕಿ ಅಲ್ಲೇ ಉಳಿದೆ. ಪರೀಕ್ಷೆಯ ಹಿಂದಿನ ದಿನ ಇಬ್ಬರೂ ದಾವಣಗೆರೆಗೆ ಬಂದೆವು.

ಪರೀಕ್ಷೆ ಎಸ್.ಎಸ್. ಬಡಾವಣೆಯ ಕಡೆಯ ಒಂದು ಕಾಲೇಜಿನಲ್ಲಿತ್ತು. ಗೇಟಿನಲ್ಲಿ ಓಲೆ, ಬಳೆ, ಕಾಲುಂಗುರ ಎಲ್ಲಾ ಬಿಚ್ಚಿಸಿದರು. ತಾಳಿ ಮಾತ್ರ ಬಿಟ್ಟರು. ಬಿಚ್ಚಿದ್ದನ್ನೆಲ್ಲ ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಹೊರಗೆ ಮರದ ಕೆಳಗೆ ಅಪ್ಪಂದಿರು ಅಮ್ಮಂದಿರು ಕೂತಿದ್ದರು. ಆನಗೋಡಿನಿಂದ ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬರು ನನ್ನನ್ನು ಕೇಳಿದರು, “ತಂಗೀನಾ?”

“ಹೆಂಡ್ತಿ.”

“ಓಹೋ. ಹೆಂಡ್ತಿ ಓದೋದು, ಗಂಡ ಕಾಯೋದು. ಚಲೋ ಐತೆ ಬಿಡ್ರಿ” ಎಂದು ನಕ್ಕರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಅವಳು ಹೊರಗೆ ಬಂದಾಗ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಕೇಳಲು ಬಾಯಿ ತೆರೆದೆ. “ಕೇಳಬ್ಯಾಡ್ರಿ. ಕಬ್ಬಿನ ಹಾಲು ಕುಡಿಸ್ರಿ” ಎಂದಳು. ಕುಡಿಸಿದೆ. ಕೆಲವು ವಾರ ಕಳೆದವು. ಆಮೇಲೆ ರ್‍ಯಾಂಕ್ ಬಂತು. ಆ ನಂಬರಿಗೆ ಸೀಟು ಸಿಗಬಹುದು, ಸಿಗದೆಯೂ ಇರಬಹುದು ಎಂದರು. ಅದನ್ನು ಹೇಳಲು ನಂಬರು ಯಾಕೆ ಬೇಕಿತ್ತೋ.

ಸೀಟು ಹಂಚುವ ದಿನ ನಾನು ಉಣ್ಣುತ್ತಿದ್ದೆ. ಅವಳು ನಡುಮನೆಯಲ್ಲಿ ಮೊಬೈಲ್ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಹಾಗೇ ಕೆಳಗೆ ಜಾರಿ ಕೂತಳು. ಮೊಬೈಲ್ ಮಡಿಲಲ್ಲಿ ಬಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನ್ನ ಕೈ ತಟ್ಟೆಯಲ್ಲೇ ನಿಂತಿತು. ಸೀಟು ಇಲ್ಲ. ನನ್ನಿಂದಲೇ.

ಅವ್ವ ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡೆ.

“ಹೋಗ್ಲಿ ಬಿಡವ್ವಾ. ಯಾಕ ಹಿಂಗೆ ಅಳ್ತಿ? ಒಂದ್ಸಲಕ್ಕೆ ಎಲ್ಲಾರಿಗೂ ಸಿಗ್ತೈತಾ? ಬರೋ ವರ್ಷ ಇನ್ನೊಂದ್ಸಲ ಬರೀವಂತೆ. ಇವನ ಕೈಯಾಗೆ ಮಾತ್ರ ಹೇಳಿಸ್ಕೋಬ್ಯಾಡ.”

ಹೆಂಡತಿ ತಲೆ ಎತ್ತಿದಳು. ಅಳುತ್ತಲೇ ಇದ್ದಳು. “ಸಿಕ್ತು ಅತ್ತೆ. ಇಲ್ಲೇ ದಾವಣಗೆರೆಯಾಗೇ ಸಿಕ್ತು.”

ಅವ್ವ ಅವಳ ಮುಖ ನೋಡಿದಳು. ನನ್ನ ಮುಖ ನೋಡಿದಳು. ಎದ್ದು ನಿಂತು ಸೀರೆ ಕೊಡವಿದಳು. “ಸಿಕ್ರೆ ಯಾರಾದ್ರೂ ಅಳ್ತಾರೇನೇ? ಎದಿ ಒಡಿಸ್ಬಿಟ್ಟಿದ್ದೆಲ್ಲ. ಬರೋ ವರ್ಷ ಅಂದಿದ್ದು ವಾಪಸ್ ತಗೊಂಡೆ ನಾನು!” ಎಂದು ಅಡುಗೆಮನೆಗೆ ಹೋಗಿ ಪಾತ್ರೆ ಬಡಿಯತೊಡಗಿದಳು.

ಈಗ ಹೆಂಡತಿ ಬಿಳಿ ಕೋಟು ಹಾಕಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಆವತ್ತು ಯಾಕೆ ಅತ್ತಳೋ ನನಗೆ ಇನ್ನೂ ತಿಳಿದಿಲ್ಲ. ಹೇಗೆ, ಯಾಕೆ ಎಂದು ಕೇಳಬಾರದು ಎಂದಿದ್ದಾಳಲ್ಲ, ಕೇಳಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ಇನ್ನು ಹೇಳುವುದಕ್ಕೆ ಏನೂ ಇಲ್ಲ.